ಕೀ ಕೊಡೋ ಗಡಿಯಾರ ನಿಂತೋಯ್ತು, ಲ್ಯಾಪ್‌ಟಾಪ್‌ನಲ್ಲಿ ಗಂಟೆ ಹೊಡೆಸೋದು ಹೇಗೆ?

ಪ್ರಶ್ನೆ: ಸರ್, ನಮ್ಮ ಅಪ್ಪನಿಗೆ 81 ವರ್ಷ, ಕಣ್ಣು ತೀರಾ ಮಂಜು. ಹಾಲ್‌ನಲ್ಲಿದ್ದ ಪೆಂಡುಲಮ್ ಗಡಿಯಾರ ಹೊಡೆಯೋ ಗಂಟೆ ಎಣಿಸ್ಕೊಂಡೇ ಮಾತ್ರೆ, ಕಾಫಿ, ರೇಡಿಯೋ ವಾರ್ತೆ ಎಲ್ಲಾ ಟೈಮಿಗೆ ಸರಿಯಾಗಿ ಮಾಡ್ಕೋತಿದ್ರು. ಅದರ ಸ್ಪ್ರಿಂಗ್ ಕಟ್ಟಾಗಿದೆ, ರಿಪೇರಿ ಮಾಡೋರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಅಕ್ಕನ ಮಗ ಬಂದಾಗ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಟಾಸ್ಕ್ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡೋದು), ಪವರ್‌ಶೆಲ್ (ಕಮಾಂಡ್ ಓಡಿಸೋದು) ಏನೇನೋ ಹಾಕಿ ಗಂಟೆಗೊಂದು ಸಲ ಬೆಲ್ ಹೊಡೆಯೋ ಹಾಗೆ ಮಾಡಿಕೊಟ್ಟ. ಆದ್ರೆ ಕೆಲವು ಗಂಟೆ ಹೊಡೆಯೋದೇ ಇಲ್ಲ, ಇನ್ನು ಕೆಲವು ಸಲ ಲ್ಯಾಪ್‌ಟಾಪ್ ತೆಗೆದ ಮೇಲೆ ಹತ್ತೂ ಇಪ್ಪತ್ತಕ್ಕೆ ಹೊಡೆಯುತ್ತೆ. ನಾನು ಸೆಟ್ಟಿಂಗ್ ಏನೋ ಬದಲಾಯಿಸಿದ ಮೇಲಂತೂ ಪೂರ್ತಿ ಮೂಕ, ಆದ್ರೂ ಲಿಸ್ಟಲ್ಲಿ ಸಕ್ಸೆಸ್ ಅಂತಾನೇ ತೋರಿಸುತ್ತೆ. ಏನು ಮಾಡ್ಲಿ?

ಉತ್ತರ: ಮೊದಲು ಆ ಹತ್ತೂ ಇಪ್ಪತ್ತರ ಗಂಟೆ ನಿಲ್ಲಿಸೋಣ, ಯಾಕಂದ್ರೆ ಕಣ್ಣು ಕಾಣದೋರಿಗೆ ಒಂದು ಗಂಟೆ ಹೊಡೀದೇ ಹೋದ್ರೆ ಅಷ್ಟೇನೂ ತೊಂದರೆ ಇಲ್ಲ, ಮುಂದಿನದಕ್ಕೆ ಕಾಯ್ತಾರೆ, ಆದ್ರೆ ತಪ್ಪು ಹೊತ್ತಲ್ಲಿ ಹೊಡೆದ್ರೆ ಮಾತ್ರೆ ಲೆಕ್ಕಾನೇ ತಪ್ಪುತ್ತೆ. ಟಾಸ್ಕ್ ಶೆಡ್ಯೂಲರ್ ತೆರೆದು ಆ ಬೆಲ್‌ನ ಟಾಸ್ಕ್ ಮೇಲೆ ಡಬಲ್ ಕ್ಲಿಕ್ ಮಾಡಿ, ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋಗಿ, ಶೆಡ್ಯೂಲ್ ಮಿಸ್ ಆಗಿದ್ರೆ ಆದಷ್ಟು ಬೇಗ ರನ್ ಮಾಡು ಅನ್ನೋ ಅರ್ಥದ ಒಂದು ಸಾಲಿದೆ, ಅಲ್ಲಿ ಟಿಕ್ ಇದ್ರೆ ತೆಗೀರಿ. ಬ್ಯಾಕಪ್ ಥರದ ಕೆಲಸಕ್ಕೆ ಅದು ಒಳ್ಳೇದೇ, ಗಂಟೆಗೆ ಬೇಡ.

ಕೆಲವು ಗಂಟೆ ತಪ್ಪಿಹೋಗೋದಕ್ಕೆ ಕಾರಣ ಬಹುಶಃ ಕರೆಂಟು. ಕಂಡೀಷನ್ಸ್ ಟ್ಯಾಬ್‌ನಲ್ಲಿ ಎಸಿ ಪವರ್ ಇದ್ರೆ ಮಾತ್ರ ಶುರು ಮಾಡು ಅಂತ ವಿಂಡೋಸ್ ತಾನಾಗೇ ಟಿಕ್ ಹಾಕಿರುತ್ತೆ, ಅಂದ್ರೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದ್ದಾಗ ಗಂಟೆ ಹೊಡೆಯಲ್ಲ. ಕತ್ತಲಲ್ಲೇ ಗಂಟೆ ಜಾಸ್ತಿ ಬೇಕಾಗೋದು, ಆ ಟಿಕ್ಕೂ ಅದರ ಕೆಳಗಿರೋ ಬ್ಯಾಟರಿಗೆ ಹೋದ್ರೆ ನಿಲ್ಲಿಸು ಅನ್ನೋದೂ ಎರಡೂ ತೆಗೀರಿ. ಇನ್ನು ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನೋದನ್ನ ನೆವರ್ ಮಾಡಿ, ಮುಚ್ಚಳ ಮುಚ್ಚಿದ್ರೂ ಏನೂ ಮಾಡ್ಬೇಡ ಅಂತ ಇಡಿ, ಸ್ಕ್ರೀನ್ ಮಾತ್ರ ಬೇಗ ಆಫ್ ಆಗ್ಲಿ. ಹಾಗಿರೋ ಲ್ಯಾಪ್‌ಟಾಪ್ 10 ವ್ಯಾಟ್ ಎಳೆದ್ರೂ 16 ಗಂಟೆಗೆ 0.16 ಯೂನಿಟ್ ಅಷ್ಟೇ.

ಮೂಕ ಆಗಿದ್ದಕ್ಕೆ ನೀವು ಬದಲಾಯಿಸಿದ್ದು ಜನರಲ್ ಟ್ಯಾಬ್‌ನಲ್ಲಿರ್ಬೇಕು. ಯೂಸರ್ ಲಾಗಾನ್ ಆಗಿರ್ಲಿ ಬಿಡ್ಲಿ ರನ್ ಮಾಡು ಅನ್ನೋದು ಕೇಳೋಕೆ ಚೆನ್ನಾಗಿದೆ, ಆದ್ರೆ ಹಾಗೆ ಮಾಡಿದ್ರೆ ಟಾಸ್ಕ್ ನಿಮ್ಮ ಡೆಸ್ಕ್‌ಟಾಪ್ ಅಲ್ಲದ ಬೇರೆ ಸೆಷನ್‌ನಲ್ಲಿ ಓಡುತ್ತೆ, ಅಲ್ಲಿಂದ ಸ್ಪೀಕರ್‌ಗೆ ಸದ್ದು ಬರಲ್ಲ. ಕೆಲಸ ಮುಗೀತು ಅಂತ ಅದು ಹೇಳೋದೂ ನಿಜಾನೇ. ಲಾಗಾನ್ ಆಗಿದ್ದಾಗ ಮಾತ್ರ ಅನ್ನೋದನ್ನ ಆರಿಸಿ, ಸ್ಕ್ರೀನ್ ಲಾಕ್ ಆಗಿದ್ರೂ ಹೊಡೆಯುತ್ತೆ. ಹಾಗೂ ಬರದಿದ್ರೆ ಪವರ್‌ಶೆಲ್ ಕಮಾಂಡ್ ನೋಡಿ, ಕೊನೆಯಲ್ಲಿ ಬರೀ ಪ್ಲೇ ಅಂತ ಇದ್ಯಾ? ಪ್ಲೇ ಅಂದ್ರೆ ಸದ್ದು ಶುರುವಾಗೋ ಮುಂಚೆನೇ ಪ್ರೋಗ್ರಾಂ ಮುಚ್ಚಿಹೋಗುತ್ತೆ, ಅದು ಪ್ಲೇಸಿಂಕ್ ಅಂತ ಇರಬೇಕು, ಆಗ ಸದ್ದು ಮುಗಿಯೋವರೆಗೂ ಕಾಯುತ್ತೆ. ಜೊತೆಗೆ ಅದು ವೇವ್ (.wav) ಫೈಲ್ ಮಾತ್ರ ಓದೋದು, ಎಂಪಿತ್ರೀ ಕೊಟ್ರೆ ಆಗಲ್ಲ.

ಈಗ ನೀವು ಕೇಳದೇ ಇರೋ ಒಂದು ವಿಷಯ, ನನಗೆ ಅದೇ ಮುಖ್ಯ ಅನ್ಸುತ್ತೆ. ಗಂಟೆಗೊಂದೇ ಬೆಲ್ ಅಂದ್ರೆ ಎಷ್ಟು ಗಂಟೆ ಅಂತ ನಿಮ್ಮಪ್ಪನಿಗೆ ಹೇಗೆ ಗೊತ್ತಾಗ್ಬೇಕು? ಅವರು ಇಷ್ಟು ವರ್ಷ ಎಣಿಸಿದ್ದು, ಎಣಿಸೋಕೇ ಬಿಡಿ. ನಿಮ್ಮ ಗಡಿಯಾರ ನಿಂತಿದ್ರೂ ಅದರ ದನಿ ಸತ್ತಿಲ್ಲ, ಬಾಗಿಲು ತೆಗೆದು ಒಳಗಿರೋ ಪುಟ್ಟ ಸುತ್ತಿಗೆಯನ್ನ ಬೆರಳಲ್ಲಿ ಎತ್ತಿ ಬಿಟ್ರೆ ಅದೇ ಹಳೇ ಢಣ್ ಬರುತ್ತೆ. ರಾತ್ರಿ ಫ್ಯಾನ್ ಆಫ್ ಮಾಡಿ, ಫೋನ್ ಹತ್ತಿರ ಇಟ್ಟು ರೆಕಾರ್ಡ್ ಮಾಡ್ಕೊಳ್ಳಿ, ನಾದ ಪೂರ್ತಿ ಇಳಿಯೋವರೆಗೂ ಕಾಯಿರಿ. ಆಡಾಸಿಟಿ ಅಂತ ಸದ್ದು ಎಡಿಟ್ ಮಾಡೋ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಆ ಒಂದು ಏಟನ್ನ ಎರಡೆರಡು ಸೆಕೆಂಡಿಗೊಂದರಂತೆ ಕಾಪಿ ಪೇಸ್ಟ್ ಮಾಡಿ ಒಂದರಿಂದ ಹನ್ನೆರಡರವರೆಗೆ 12 ವೇವ್ ಫೈಲ್ ಮಾಡಿ. (ಫೋನ್ ಫೈಲ್ ಆಡಾಸಿಟಿಯಲ್ಲಿ ತೆರೀದಿದ್ರೆ ಅದಕ್ಕೆ ಎಫ್‌ಎಫ್‌ಎಂಪೆಗ್ (FFmpeg) ಅನ್ನೋ ಇನ್ನೊಂದು ಫ್ರೀ ಸಾಫ್ಟ್‌ವೇರ್ ಹಾಕ್ಕೋಬೇಕು.)

ಆಮೇಲೆ 12 ಟಾಸ್ಕ್. ಒಂದು ಸ್ಕ್ರಿಪ್ಟ್ ಬರೆದು ಎಣಿಕೆ ಅದಕ್ಕೇ ಬಿಡಬಹುದು, ಆದ್ರೆ ಕೆಟ್ಟಾಗ ಮತ್ತೆ ಅಕ್ಕನ ಮಗನೇ ಬರ್ಬೇಕು, ಹಂಗಾಗಿ ನಾನು ಈ ದಾರೀನೇ ಹೇಳ್ತೀನಿ. ಒಂದು ಟಾಸ್ಕ್‌ಗೆ ಎರಡು ಟ್ರಿಗರ್ (ಅಂದ್ರೆ ಶುರುವಾಗೋ ಹೊತ್ತು) ಹಾಕಬಹುದು, 9ರ ಟಾಸ್ಕ್‌ಗೆ ಬೆಳಿಗ್ಗೆ 9, ರಾತ್ರಿ 9, ಎರಡಕ್ಕೂ ಅದೇ ಫೈಲ್. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಒಟ್ಟು 16 ಟ್ರಿಗರ್ ಆಗುತ್ತೆ, ರಾತ್ರಿಯದ್ದು ಹಾಕದಿದ್ರೆ ಮನೆಯವರ ನಿದ್ದೆಗೂ ತೊಂದರೆ ಇಲ್ಲ.

ಇನ್ನೊಂದು ತೊಡಕು, ಇದನ್ನ ದಯವಿಟ್ಟು ಬಿಡಬೇಡಿ. ತುಂಬಾ ಹೊತ್ತು ಸುಮ್ಮನಿದ್ದ ಸ್ಪೀಕರ್, ಅದರಲ್ಲೂ ಬ್ಲೂಟೂತ್‌ದು, ಎಚ್ಚರ ಆಗೋಷ್ಟರಲ್ಲಿ ಮೊದಲ ಅರ್ಧ ಸೆಕೆಂಡ್ ನುಂಗಿಬಿಡುತ್ತೆ, ಆಗ ಒಂಬತ್ತು ಏಟು ಎಂಟಾಗಿ ಕೇಳ್ಸುತ್ತೆ. ಅದಕ್ಕೆ ಪ್ರತಿ ಫೈಲ್‌ನ ಶುರುವಿನಲ್ಲಿ ಒಂದು ಸೆಕೆಂಡ್ ಮೌನ, ಆಮೇಲೆ ಬೇರೆ ದನಿಯ ಒಂದು ಸಣ್ಣ ಟಿಣ್, ಮತ್ತೆ ಎರಡು ಸೆಕೆಂಡ್ ಬಿಟ್ಟು ಏಟುಗಳು ಇರಲಿ. ಆ ಟಿಣ್ ಕೇಳಿದ ಕೂಡ್ಲೇ ಅವರು ಎಣಿಸೋಕೆ ರೆಡಿ ಆಗ್ತಾರೆ. ಲಂಡನ್‌ನ ಬಿಗ್ ಬೆನ್‌ನಲ್ಲೂ ಹೀಗೇನೇ, 1793ರಲ್ಲಿ ಕೇಂಬ್ರಿಡ್ಜ್‌ನ ಒಂದು ಚರ್ಚಿಗೆ ಮಾಡಿದ ಆ ಹೆಸರಾಂತ ರಾಗ ಮುಂಚೆ ಬರುತ್ತೆ, ಆಮೇಲೆ ದೊಡ್ಡ ಗಂಟೆಯ ಮೊದಲ ಏಟು ಬಿದ್ದಾಗ ಸರಿಯಾದ ಗಂಟೆ. ನೀವೂ 9ರ ಟ್ರಿಗರ್ ಟೈಮ್‌ನ 8:59:55 ಅಂತ ಹಾಕಿ, ಉಳಿದವಕ್ಕೂ ಹೀಗೇ ಐದು ಸೆಕೆಂಡ್ ಮುಂಚೆ, ಸೆಕೆಂಡ್ ಕೊಡೋಕೆ ಜಾಗ ಇದೆ, ಪವರ್‌ಶೆಲ್ ಶುರುವಾಗೋಕೂ ಒಂದೆರಡು ಸೆಕೆಂಡ್ ಬೇಕು.

ಎಣಿಸೋದೇ ಬೇಜಾರು ಅಂತ ಅಪ್ಪ ಅಂದ್ರೆ ಎನ್‌ವಿಡಿಎ (NVDA) ಅನ್ನೋ ಫ್ರೀ ಸ್ಕ್ರೀನ್ ರೀಡರ್ (ಸ್ಕ್ರೀನ್‌ನಲ್ಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಹಾಕಿ, ಅದರಲ್ಲಿರೋ ಈಸ್ಪೀಕ್ ಅನ್ನೋ ಮಾತಿನ ಎಂಜಿನ್‌ನಲ್ಲಿ ಕನ್ನಡ ದನಿ ಇದೆ (ಸ್ವಲ್ಪ ಯಂತ್ರದ ದನಿ, ಆದ್ರೂ ಅರ್ಥ ಆಗುತ್ತೆ), ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಕೀ) ಜೊತೆ ಎಫ್12 ಒತ್ತಿದ್ರೆ ಟೈಮ್ ಹೇಳುತ್ತೆ. ಮ್ಯಾಕ್ ಇರೋರಿಗೆ ಇಷ್ಟೆಲ್ಲಾ ಬೇಕಿಲ್ಲ, ಕ್ಲಾಕ್ ಸೆಟ್ಟಿಂಗ್‌ನಲ್ಲೇ ಅನೌನ್ಸ್ ದ ಟೈಮ್ ಅಂತ ಇದೆ, ಗಂಟೆಗೋ ಅರ್ಧ ಗಂಟೆಗೋ ಕಾಲು ಗಂಟೆಗೋ ಟೈಮ್ ಹೇಳುತ್ತೆ.

ಎಲ್ಲಾ ಆದ ಮೇಲೆ ಡೇಟ್ ಅಂಡ್ ಟೈಮ್‌ಗೆ ಹೋಗಿ ಸಿಂಕ್ ನೌ ಒತ್ತಿ, ಫೋನ್ ಟೈಮ್ ಜೊತೆ ತಾಳೆ ನೋಡಿ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗೆಲ್ಲ ಟೈಮ್ ಹಿಂದೆ ಹೋಗ್ತಿದ್ರೆ ಒಳಗಿನ ಸಣ್ಣ ಸೆಲ್ ಮುಗಿದಿದೆ ಅಂತ, ಕಂಪ್ಯೂಟರ್ ರಿಪೇರಿ ಅಂಗಡೀಲಿ ಹಾಕಿಕೊಡ್ತಾರೆ.