ಮೇಷ್ಟ್ರುಗಳ ಸಂಶೋಧನೆಯನ್ನು ಮಡಿಕೇರಿಯಲ್ಲಿ ತೋರಿಸುವ ಮುನ್ನ ಏನು ಮಾಡಬೇಕು?

ಕಾಲೇಜಿನ ಮೇಷ್ಟ್ರುಗಳು ಮಾಡಿದ ಕರಿಮೆಣಸು ಬಿಡಿಸುವ ಯಂತ್ರ, ಮನೆ ವಿನ್ಯಾಸಗಳನ್ನು ಮಡಿಕೇರಿಯಲ್ಲಿ ಪ್ರದರ್ಶನಕ್ಕೆ ಇಡುವ ಮೊದಲು ಏನು ಮಾಡಬೇಕು ಅಂತ ಕೇಳಿದ್ದೀರಿ. ಮೊದಲು ಪೇಟೆಂಟ್ ಅರ್ಜಿ ಹಾಕಿ. ಹತ್ತು ಜನರ ಮುಂದೆ ಯಂತ್ರ ಬಿಚ್ಚಿ ತೋರಿಸಿಬಿಟ್ಟರೆ ಆಮೇಲೆ ಅದನ್ನು ಹೊಸದು ಅಂತ ಸಾಧಿಸುವುದು ತುಂಬಾ ಕಷ್ಟ. 1970ರ ಪೇಟೆಂಟ್ ಕಾಯ್ದೆಯಲ್ಲಿ ಪ್ರದರ್ಶನಕ್ಕೆ ಇಟ್ಟ ಮೇಲೂ ಅರ್ಜಿ ಹಾಕಲು 12 ತಿಂಗಳ ರಿಯಾಯಿತಿ ಇದೆ ನಿಜ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನಗಳಿಗೆ, ಊರಿನ ಮೇಳಕ್ಕಲ್ಲ. ಪೂರ್ತಿ ವಿವರ ರೆಡಿ ಇಲ್ಲವಾ? ತಾತ್ಕಾಲಿಕ ಅರ್ಜಿ ಹಾಕಿ, ಉಳಿದದ್ದಕ್ಕೆ 12 ತಿಂಗಳು ಸಿಗುತ್ತದೆ. ಕಟ್ಟಡದ ನಕ್ಷೆಗೆ ಈ ತಲೆನೋವಿಲ್ಲ, ಬರೆದ ಕೂಡಲೇ ಕಾಪಿರೈಟ್ ಬರುತ್ತದೆ.

ಇನ್ನು ತೋರಿಸುವ ರೀತಿ. ಸುಮ್ನೆ ಪೋಸ್ಟರ್ ಅಂಟಿಸಬೇಡಿ. ಬೆಳೆಗಾರರು ಒಂದು ಹಿಡಿ ಮೆಣಸು ಕೈಗೆ ತಗೊಂಡು ಸಿಪ್ಪೆ ಸುಲಿದಿದೆಯಾ, ತೊಟ್ಟು ಉಳಿದಿದೆಯಾ ಅಂತ ನೋಡುತ್ತಾರೆ, ಅದಕ್ಕೇ ಯಂತ್ರ ಅಲ್ಲೇ ಓಡಬೇಕು. ಮನೆ ವಿನ್ಯಾಸವಾದರೆ ಇಳಿಜಾರಿನ ಸಮೇತ ಮಾದರಿ ಮಾಡಿ, ಮೇಲಿಂದ ನೀರು ಸುರಿದು ಅದು ಎಲ್ಲಿ ಹರಿದು ಹೋಗುತ್ತದೆ ಅಂತ ತೋರಿಸಿ. 2018ರ ಭೂಕುಸಿತ ಕಂಡ ನಮ್ಮ ಜನ ಮೊದಲು ಕೇಳುವುದೇ ಅದನ್ನು. ಡಿಸೆಂಬರ್, ಜನವರಿ ಮಾತ್ರ ಬೇಡ, ಕಾಫಿ ಕೊಯ್ಲು ಬಿಟ್ಟು ಯಾರೂ ಬರಲ್ಲ.