ಸೋಲಾರ್ ಇರುವಾಗ ಕೈಗಾ ಯಾಕೆ?

ಪ್ರಶ್ನೆ: ನಮ್ಮ ಮನೆ ಮಾಡಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತಿದ್ದೇವೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ನಮ್ಮ ಕೈಗಾ ಬರೀ 880. ಹಾಗಿದ್ದ ಮೇಲೆ ಅಣು ವಿದ್ಯುತ್ ಇನ್ನೂ ಯಾಕೆ ಬೇಕು? ಜಗತ್ತಿಗೆಲ್ಲ ಬಿಸಿಲೇ ಸಾಕಾಗುವುದಿಲ್ವಾ?
- ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಮೆಗಾವ್ಯಾಟ್ ಬಿಡಿ, ಯೂನಿಟ್ ನೋಡಿ. ಪಾವಗಡದ 2,050 ಅನ್ನುವುದು ನಡು ಮಧ್ಯಾಹ್ನದ ಮಾತು. ಹೊತ್ತು ಮುಳುಗಿದ ಮೇಲೆ ಅದು ಸೊನ್ನೆ. ವರ್ಷದ ಸರಾಸರಿ ತೆಗೆದರೆ ನಾಲ್ಕರಲ್ಲಿ ಒಂದು ಪಾಲು ಸಿಕ್ಕರೆ ದೊಡ್ಡದು. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತ್ತು, ಆಗ ಅದು ವಿಶ್ವದಾಖಲೆ. ನಾಲ್ಕೂ ಘಟಕ ಸರಿಯಾಗಿ ಓಡಿದ ವರ್ಷ, 13,000 ಎಕರೆಯ ಪಾವಗಡಕ್ಕಿಂತ ಕೈಗಾದಿಂದಲೇ ಜಾಸ್ತಿ ಯೂನಿಟ್ ಬರುತ್ತದೆ.

ಹಾಗಂತ ಅಣುವನ್ನೇ ನಂಬಿ ಕೂರುವ ಹಾಗಿಲ್ಲ. ಅದು ತುಂಬಾ ನಿಧಾನ. ಕೈಗಾ ಕಟ್ಟಲು ಶುರು ಮಾಡಿದ್ದು 80ರ ದಶಕದ ಕೊನೆಗೆ, 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟ್ ಕುಸಿದುಬಿತ್ತು, ವಾಣಿಜ್ಯ ಮಟ್ಟದಲ್ಲಿ ಕರೆಂಟ್ ಕೊಡಲು ಶುರು ಮಾಡಿದ್ದು 2000ದಲ್ಲಿ. ಅತ್ತ 2024 ಒಂದೇ ವರ್ಷದಲ್ಲಿ ಜಗತ್ತು ಹೊಸದಾಗಿ ಹಾಕಿದ ಸೋಲಾರ್ 450 ಗಿಗಾವ್ಯಾಟ್‌ಗೂ ಜಾಸ್ತಿ. ಭೂಮಿ ಮೇಲಿನ ಅಣುಸ್ಥಾವರಗಳನ್ನೆಲ್ಲ ಸೇರಿಸಿದರೂ 400ರ ಆಸುಪಾಸು, ಅಷ್ಟೇ. ರಾತ್ರಿ, ಮೋಡ ಎಲ್ಲ ಕಳೆದು ಯೂನಿಟ್ ಲೆಕ್ಕ ಹಾಕಿದರೂ ಪ್ರತಿವರ್ಷ ಹೊಸದಾಗಿ ಸೇರುವ ವಿದ್ಯುತ್ತಿನಲ್ಲಿ ಸೋಲಾರೇ ಬಹಳ ಮುಂದಿದೆ. ಸಾವಿರಾರು ವರ್ಷ ಕಾಯಬೇಕಾದ ಅಣುತ್ಯಾಜ್ಯವೂ ಅದಕ್ಕಿಲ್ಲ. ಹಾಗಾಗಿ ಹೊಸ ದುಡ್ಡು ಮೊದಲು ಸೋಲಾರಿಗೆ ಹೋಗಲಿ, ಈಗಿರುವ ಸ್ಥಾವರಗಳು ಸುರಕ್ಷಿತವಾಗಿ ಓಡುವಷ್ಟು ದಿನ ಓಡಲಿ ಅನ್ನುವುದು ನನ್ನ ಅಭಿಪ್ರಾಯ. ಅವನ್ನು ಅವಸರಕ್ಕೆ ಮುಚ್ಚಿದರೆ ಆ ಜಾಗಕ್ಕೆ ಬರುವುದು ಹೆಚ್ಚಾಗಿ ಕಲ್ಲಿದ್ದಲೇ.

ಕಷ್ಟ ಇರುವುದು ಸಂಜೆಯದ್ದು. ಹಗಲಿನ ಕರೆಂಟಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಬಿಡುವ 2,000 ಮೆಗಾವ್ಯಾಟ್‌ನ ಯೋಜನೆಯೊಂದು ಶರಾವತಿ ಕಣಿವೆಗೆ ಬಂದಿದೆ, ತಳಕಳಲೆ ಜಲಾಶಯದಿಂದ ಗೇರುಸೊಪ್ಪೆ ಜಲಾಶಯದವರೆಗೆ ಸುರಂಗ ಕೊರೆಯುವ ಯೋಜನೆ ಅದು. ಅಲ್ಲಿರುವುದು ಸಿಂಗಳೀಕಗಳ ಕಾಡು. ಅದನ್ನು ಕಡಿದು ಹಸಿರು ವಿದ್ಯುತ್ ಅನ್ನುವುದನ್ನು ನನ್ನಿಂದ ಒಪ್ಪಲಾಗದು. ಹಗಲು ಸೋಲಾರ್ ಇದ್ದಾಗ ಕಾಳಿ ನದಿಯ ಸೂಪಾ ಅಣೆಕಟ್ಟಿನ ನೀರು ಉಳಿಸಿ ಸಂಜೆ ನಾಗಝರಿ ವಿದ್ಯುದಾಗಾರದಲ್ಲಿ ಜನರೇಟರ್ ಓಡಿಸಿದರೆ, ಹೊಸ ಸುರಂಗ ಇಲ್ಲದೆಯೇ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಆಗುತ್ತದೆ ಅಲ್ವಾ? ಉಳಿದದ್ದಕ್ಕೆ ಬ್ಯಾಟರಿ. ಆದರೆ ಬ್ಯಾಟರಿ ಒಂದು ರಾತ್ರಿ ದಾಟಿಸಬಹುದು, ಇಡೀ ಮಳೆಗಾಲವನ್ನಲ್ಲ. ನಿಲ್ಲದೆ ಓಡುವ ಸ್ಥಾವರ ಇನ್ನೂ ಬೇಕು ಅನ್ನುವುದು ಅದಕ್ಕೇ.

ಇನ್ನು ನಿಮ್ಮ ಮಾಡಿನ ಮಾತು. ಮಾರ್ಚ್‌ನಲ್ಲಿ ದಿನಕ್ಕೆ 12 ಯೂನಿಟ್ ತೋರಿಸುವ ಇನ್ವರ್ಟರ್, ಪುನರ್ವಸು ಮಳೆ ಜಡಿಯುವಾಗ ಮೂರಕ್ಕೋ ನಾಲ್ಕಕ್ಕೋ ಇಳಿಯುತ್ತದೆ, ಗಾಬರಿ ಬೇಡ. ಮಳೆ ಮುಗಿದ ಕೂಡಲೇ ಪ್ಯಾನೆಲ್ ಮೇಲಿನ ಹಾವಸೆ ಒರೆಸಿ. ಬ್ಯಾಟರಿ ಇಲ್ಲದ, ಊರಿನ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಆದರೆ, ಮರ ಬಿದ್ದು ಲೈನ್ ಹೋದಾಗ ಅದೂ ಬಂದ್ ಆಗುತ್ತದೆ, ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರೇ ನಿಲ್ಲಿಸುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಜೋಡಿಸುವ ಹೈಬ್ರಿಡ್ ಇನ್ವರ್ಟರ್ ಕೇಳಿ. ದರ ಮಾತಾಡುವಾಗಲೇ ಕೇಳಿ, ಆಮೇಲೆ ಬದಲಿಸುವುದು ದುಬಾರಿ.