ಲಾರಿಯ ಕಮಾನು ಪಟ್ಟಿಯಿಂದ ನಾನೇ ಮಾಡಿದ ಬೇಟೆಗತ್ತಿ ಹೇಗಿದೆ? ಏನು ತಿದ್ದಬೇಕು?

ಐದು ಅಂಗುಲದ ಅಲಗು, 4 ಮಿ.ಮೀ. ದಪ್ಪದ ಬೆನ್ನು, ಬೀಟೆ ಮರದ ಹಿಡಿ: ಬೇಟೆಗತ್ತಿ ಎಂದಮೇಲೆ ನೀವು ಬರೆದಿರುವ ಅಳತೆಗಳಲ್ಲಿ ತಪ್ಪು ಹುಡುಕಲಾರೆ. ಆದರೆ ಕತ್ತಿಯ ಗುಣವೆಲ್ಲ ಹದದಲ್ಲಿದೆ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ತಂದ ಗಡಸುತನದಲ್ಲಿ. ಅದು ನೀವು ಕಳಿಸಿದ ಫೋಟೋದಲ್ಲಿ ಕಾಣುವುದಿಲ್ಲ.

ಹೊಸ ಅರವೊಂದನ್ನು ಅಲಗಿನ ಅಂಚಿಗೆ ಹಗುರವಾಗಿ ತಾಗಿಸಿ ಎಳೆಯಿರಿ. ಬಹುತೇಕ ಜಾರಿದರೆ ಗಟ್ಟಿಯಾಗಿದೆ. ಕಚ್ಚಿಕೊಂಡು ಪುಡಿ ಉದುರಿಸಿದರೆ ಕಾಯಿಸಿ ಎಣ್ಣೆಗೆ ಅದ್ದಿದ್ದು ಸರಿಹೋಗಿಲ್ಲ. ಬಳಿಕ ಹಿತ್ತಾಳೆಯ ಸರಳಿನ ಮೇಲೆ ಅಂಚನ್ನು ಓರೆಯಾಗಿಟ್ಟು ಒತ್ತಿ. ತುಸು ಬಾಗಿ ಮರಳಿ ನೆಟ್ಟಗಾದರೆ ಉತ್ತಮ. ಬಾಗಿದಲ್ಲೇ ಉಳಿದರೆ ಮೆದು. ಚೂರು ಹಾರಿದರೆ ಗಡಸು ಹೆಚ್ಚು. ಆಗ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಮತ್ತೆ ಕಾಯಿಸಬೇಕು. ಮನೆಯ ಓವನ್ ಸಾಕು, ಮನೆಯವರ ಒಪ್ಪಿಗೆ ಇದ್ದರೆ!

ಮೊನೆಯ ಹತ್ತಿರ ನೀಲಿ ಛಾಯೆ ಇದೆ ಎಂದಿದ್ದೀರಿ. ಗ್ರೈಂಡರಿನ ಬಿಸಿಗೆ ಅಲ್ಲಿ ಹದ ಇಳಿದಿದೆ. ನನ್ನ ಮೊದಲ ಕತ್ತಿಯೂ ಹೀಗೇ ಹಾಳಾಗಿತ್ತು. ಉಜ್ಜುವಾಗ ಬರಿಗೈಯಲ್ಲಿ ಹಿಡಿಯಿರಿ, ಬೆರಳಿಗೆ ಬಿಸಿ ತಟ್ಟಿದೊಡನೆ ನೀರಿಗೆ ಅದ್ದಿ.

ಬೀಟೆ ಎಣ್ಣೆಯಂಶದ ಮರ. ಅಂಟು ಹಚ್ಚುವ ಮುನ್ನ ಅಸಿಟೋನ್‌ನಿಂದ ಒರೆಸದಿದ್ದರೆ ಹಿಡಿ ಬಿಟ್ಟುಕೊಳ್ಳುತ್ತದೆ. ಹಿತ್ತಾಳೆಯ ಮೊಳೆ ಎರಡಾದರೂ ಇರಲಿ.

ಹೆಸರು ಬೇಟೆಗತ್ತಿಯಾದರೂ 1972ರ ವನ್ಯಜೀವಿ ಕಾಯ್ದೆಯಡಿ ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆಗೆ ನಿಷೇಧವಿದೆ. ನಿಮ್ಮದು ಕೋಳಿ, ಮೀನು, ತೋಟದ ಕೊಂಬೆಗಳನ್ನೇ ಕಾಣುವುದು. ಅದಕ್ಕೆ 3 ಮಿ.ಮೀ. ಬೆನ್ನೇ ಹಿತ.